ಲಾಲಾರಸವೂ ಅದರ ಪುನರುತ್ಪತ್ತಿಯೂ

ನಿತ್ಯವೂ ಯತ್ನವಿಲ್ಲದೆ ದೊರೆಯುವ ವಸ್ತುವಿನ ಬೆಲೆಯು ಅದು ಇಲ್ಲವಾದಾಗಲೇ ತಿಳಿಯುವುದು. ನಮ್ಮ ಬಾಯಲ್ಲಿ ಊರುವ ಲಾಲಾರಸ, ಅಂದರೆ ಜೊಲ್ಲು, ಅಂತಹದು. ಮುಖ್ಯವಾಗಿ ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ ಇರುವ ಮೂರು ಜೊತೆ ಗ್ರಂಥಿಗಳಿಂದ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಈ ರಸವು ಸ್ರವಿಸುವುದು. ತುತ್ತನ್ನು ನುಂಗುವುದಕ್ಕೂ, ರುಚಿಯನ್ನು ಅರಿಯುವುದಕ್ಕೂ, ಹಲ್ಲುಗಳು ಹುಳುಕಾಗದಿರುವುದಕ್ಕೂ ಇದೇ ಆಧಾರವು.

ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಕಿರಣಚಿಕಿತ್ಸೆ ಮಾಡುವಾಗ ಕಿರಣಗಳು ನೆರೆಯ ಗ್ರಂಥಿಗಳಿಗೂ ತಗಲುವುವು. ರಸವನ್ನು ಸ್ರವಿಸುವ ಕೋಶಗಳು ನಶಿಸುವುವು; ಹೊಸ ಕೋಶಗಳನ್ನು ಹುಟ್ಟಿಸಬೇಕಾದ ಆಕರಕೋಶಗಳೂ ಹಾಳಾದರೆ ಬಾಯಿ ಬತ್ತಿಯೇ ಉಳಿಯುವುದು. ರೋಗವು ಗುಣವಾದ ಮೇಲೆಯೂ ರೊಟ್ಟಿಯ ಚೂರೊಂದನ್ನು ನೀರಿಲ್ಲದೆ ನುಂಗಲಾರದವರು ಅನೇಕರಿರುವರು. ಹೊಗೆಸೊಪ್ಪು, ಅಡಿಕೆಗಳನ್ನು ಅಗಿಯುವ ರೂಢಿಯಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮ ದೇಶಕ್ಕೆ ಈ ವಿಷಯವು ದೂರದ್ದಲ್ಲ.

ಮೊದಲನೆಯ ಉಪಾಯವು ರಕ್ಷಣೆ. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣಗಳ ತೀವ್ರತೆಯನ್ನು ಹೊಂದಿಸಿ ಗ್ರಂಥಿಯನ್ನು ಉಳಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಅದರ ಫಲದಂತೆ, ಒಂದು ವರ್ಷದ ತರುವಾಯ ಬಾಯಿ ಬಹಳವಾಗಿ ಒಣಗಿದ್ದವರು ಹಳೆಯ ಕ್ರಮದಲ್ಲಿ ನೂರಕ್ಕೆ 74 ಮಂದಿ, ಹೊಸದರಲ್ಲಿ 38.

ಎರಡನೆಯದು, ಉಳಿದ ಕೋಶಗಳಿಗೆ ಹೊಸ ಕೆಲಸವನ್ನು ಕಲಿಸುವುದು. ಗ್ರಂಥಿಯ ನಾಳಗಳ ಕೋಶಗಳು ಸಹಜವಾಗಿ ನೀರನ್ನು ಹೊರಬಿಡವು. ನೀರಿನ ದ್ವಾರವನ್ನು ನಿರ್ಮಿಸುವ ಜೀನನ್ನು, ನಿರುಪದ್ರವಗೊಳಿಸಿದ ವೈರಸ್ಸಿನ ಮೂಲಕ ಅವುಗಳೊಳಗೆ ಸೇರಿಸುವರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬ್ರೂಸ್ ಬಾಮ್ ಮತ್ತು ಸಂಗಡಿಗರು ಹೀಗೆ ಮಾಡಿದ 11 ಮಂದಿಯಲ್ಲಿ 6 ಮಂದಿಗೆ ರಸವು ಹೆಚ್ಚಿತೆಂದು 2012ರಲ್ಲಿ ತಿಳಿಸಿದರು.

ಮೂರನೆಯದು ಬೀಜವನ್ನು ಕಾದಿಟ್ಟು ಬಿತ್ತಿದಂತೆ. ಚಿಕಿತ್ಸೆಗೆ ಮುಂಚೆಯೇ ಗ್ರಂಥಿಯ ಒಂದು ತುಣುಕನ್ನು ತೆಗೆದು, ಅದರ ಆಕರಕೋಶಗಳನ್ನು ಬೆಳೆಸಿ, ತರುವಾಯ ಹಿಂದಕ್ಕೆ ಸೇರಿಸಬೇಕೆಂಬುದು ಹಾಲೆಂಡಿನ ಖ್ರೋನಿಂಗನ್ ನಗರದ ಸಂಶೋಧಕರ ಯೋಚನೆ. ಇಂತಹ ಕೆಲವೇ ನೂರು ಕೋಶಗಳಿಂದ ಇಲಿಗಳ ಗ್ರಂಥಿಗಳು ಚೇತರಿಸಿಕೊಂಡುದನ್ನು ಅವರು 2008ರಲ್ಲಿ ತೋರಿಸಿದರು. ಕೋಪನ್‌ಹೇಗನ್ನಿನ ವೈದ್ಯರಾದರೋ, ರೋಗಿಯ ಕೊಬ್ಬಿನಿಂದಲೇ ತೆಗೆದ ಕೋಶಗಳನ್ನು ಗ್ರಂಥಿಗೆ ಚುಚ್ಚಿದರು. 30 ಮಂದಿಯ ಆ ಪರೀಕ್ಷೆಯಲ್ಲಿ ಚಿಕಿತ್ಸೆ ಹೊಂದಿದವರ ರಸವು ನಾಲ್ಕು ತಿಂಗಳಲ್ಲಿ ಸುಮಾರು ಅರ್ಧದಷ್ಟು ಹೆಚ್ಚಿತೆಂದು 2018ರಲ್ಲಿ ಪ್ರಕಟಿಸಿದರು.

ಇವೆಲ್ಲ ಸಣ್ಣ ಪರೀಕ್ಷೆಗಳು. ಕೆಲವರಲ್ಲಿ ಕಂಡ ಫಲವನ್ನು ಎಲ್ಲರಿಗೂ ಸಿದ್ಧೌಷಧವೆಂದು ನಂಬಿ ಹಣವನ್ನು ಕಳೆದುಕೊಳ್ಳುವುದು ತರವಲ್ಲ. ಮನೆಯಲ್ಲಿ ಯಾರಿಗಾದರೂ ಕಿರಣಚಿಕಿತ್ಸೆಯು ನಿಶ್ಚಯವಾದರೆ ಎರಡು ಕಾರ್ಯಗಳನ್ನು ಮರೆಯಬಾರದು: ಲಾಲಾಗ್ರಂಥಿಗಳನ್ನು ಉಳಿಸಲು ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳುವುದು, ಹಲ್ಲಿನ ವೈದ್ಯರಲ್ಲಿಗೂ ಆಗಲೇ ಹೋಗುವುದು. ಕಳೆದ ಮೇಲೆ ಮರಳಿಸುವುದಕ್ಕಿಂತ ಇರುವುದನ್ನು ಕಾಯುವುದು ಇಂದಿಗೂ ಸುಲಭವು.