ಅರ್ಧಕ್ಕೆ ಬಿಟ್ಟ ಆಟ

ಓದಿ ಮುಗಿಸದ ಪುಸ್ತಕ, ಹೆಣೆದು ಮುಗಿಸದ ಚಾಪೆ, ಉತ್ತರ ಬರೆಯದೆ ಇಟ್ಟ ಕಾಗದ, ಇಂಥವು ಯಾರ ಮನೆಯಲ್ಲಿಯೂ ಇದ್ದೇ ಇರುವವು. ಅವುಗಳ ಸಾಲಿನಲ್ಲಿ ವಿಡಿಯೋ ಗೇಮನ್ನೂ ಕೂಡ್ರಿಸಿದರೆ ವಾಚಕರಲ್ಲಿ ಕೆಲವರು ನಕ್ಕಾರು. ಆದರೂ ಈಗ ನಾಲ್ವತ್ತು ದಾಟಿದ ಅನೇಕ ಗೃಹಸ್ಥರು, ರಾತ್ರಿ ಮಕ್ಕಳು ಮಲಗಿದ ಬಳಿಕ, ತಮ್ಮ ಹುಡುಗತನದಲ್ಲಿ ಗೆಲ್ಲಲಾರದೆ ಬಿಟ್ಟ ಆಟಗಳನ್ನು ಪುನಃ ತೆರೆದು ಅವುಗಳ ಕೊನೆಯನ್ನು ಕಾಣುವ ಹಟ ತೊಟ್ಟಿರುವದು ನಿಜವಾದ ಸಂಗತಿಯೇ ಆಗಿದೆ. ಈ ಲೇಖಕನೂ ಅವರಲ್ಲೊಬ್ಬನು. ಮೊದಲು ಮನೆಯವರಿಗೆ ತಿಳಿಯದಂತೆ ಆಡಿದೆನು. ತಿಳಿದ ಮೇಲೆ ಅವರು ನಗಲಿಲ್ಲವಾದುದರಿಂದ ಇಲ್ಲಿ ಬರೆಯುವ ಧೈರ್ಯ ಬಂದಿದೆ.

೧೯೯೪ರ ಸುಮಾರಿಗೆ ದಾಂಡೇಲಿಯಲ್ಲಿದ್ದಾಗ ನಮ್ಮ ತಂದೆಯವರು ಹುಬ್ಬಳ್ಳಿಯ ಪೇಟೆಯಿಂದ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವೊಂದನ್ನು ತಂದರು. ಜಪಾನದ ನಿಂಟೆಂಡೋ ಕಂಪನಿಯವರು ೧೯೮೩ರಲ್ಲಿ ಹೊರತಂದ ‘ಫ್ಯಾಮಿಲಿ ಕಂಪ್ಯೂಟರ್’ ಎಂಬುದರ ನಕಲು ಅದು. ಆಟದ ತುಣುಕಿಗೆ ನಾವೆಲ್ಲರೂ ‘ಕ್ಯಾಸೆಟ್ಟು’ ಎಂದೇ ಅನ್ನುತ್ತಿದ್ದೆವು. ಅದರ ಮೈಮೇಲೆ ಸಾವಿರಗಟ್ಟಲೆ ಆಟಗಳಿವೆಯೆಂದು ಅಚ್ಚು ಹಾಕಿದ್ದರೂ ಒಳಗಿದ್ದವು ಹತ್ತಿಪ್ಪತ್ತೇ. ಮಿಕ್ಕವು ಅವೇ ಆಟಗಳು ಬೇರೆ ಬೇರೆ ಹೆಸರು ತೊಟ್ಟು ಬಂದವುಗಳು. ಚಿತ್ರ ಮೂಡದಿದ್ದರೆ ಕ್ಯಾಸೆಟ್ಟನ್ನು ತೆಗೆದು, ಬಾಯಿಯಿಂದ ಊದಿ, ತಿರುಗಿ ಸಿಕ್ಕಿಸುವದು ಮನೆಮನೆಯ ಮದ್ದು. ಊದುವದರಿಂದ ಏನೂ ಆಗುತ್ತಿರಲಿಲ್ಲ, ತೆಗೆದು ಮತ್ತೆ ಸಿಕ್ಕಿಸುವದರಿಂದಲೇ ಅದು ನೆಟ್ಟಗಾಗುತ್ತಿತ್ತು, ಬಾಯಿಯ ಹಸಿಯಿಂದ ತಾಮ್ರದ ತುದಿಗಳು ಕೆಡುತ್ತಿದ್ದವು ಎಂಬುದನ್ನು ಬಹಳ ತಡವಾಗಿ ತಿಳಿದೆವು.

ಅಣ್ಣನು ನನಗಿಂತ ಮೂರು ವರ್ಷ ಹಿರಿಯನು. ೧೯೮೫ರಲ್ಲಿ ಹೊರಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದಲ್ಲಿ ಅವನು ಮಾರಿಯೋ. ತಮ್ಮನಾದ ನಾನು ಲುಯಿಜಿ. ಒಬ್ಬನು ಸತ್ತ ಬಳಿಕ ಇನ್ನೊಬ್ಬನ ಸರದಿ. ಎಂಟು ಲೋಕಗಳು, ಲೋಕವೊಂದಕ್ಕೆ ನಾಲ್ಕು ಮಜಲು, ಒಟ್ಟು ೩೨. ನಡುವೆ ಬಿಟ್ಟು ಎದ್ದರೆ ಮರುದಿನ ಮೊದಲಿನಿಂದಲೇ ಪ್ರಾರಂಭ. ಆಡಿದ್ದನ್ನು ಉಳಿಸಿಡುವ ಏರ್ಪಾಡು ಆ ಆಟದಲ್ಲಿಲ್ಲ. ನಮ್ಮ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಕಾಳೀ ನದಿಯ ನೀರು ನಾಗಝರಿಯಲ್ಲಿ ನಾಡಿಗೆಲ್ಲ ವಿದ್ಯುತ್ತನ್ನು ಹುಟ್ಟಿಸುತ್ತಿದ್ದರೂ, ಗಾಳಿಗೆ ಕಾಡಿನ ಮರವೊಂದು ತಂತಿಯ ಮೇಲೆ ಒರಗಿತೆಂದರೆ ಏಳನೆಯ ಲೋಕದಲ್ಲಿದ್ದ ನಮ್ಮ ಮಾರಿಯೋ ಕತ್ತಲೆಯಲ್ಲಿ ಕರಗಿಹೋಗುತ್ತಿದ್ದನು. ಮುಂಡಗೋಡಿನ ಹತ್ತಿರ ೧೯೬೬ರಲ್ಲಿ ನೆಲೆಯಾದ ಟಿಬೆಟನ್ನರ ವಸತಿಯಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ದೊಡ್ಡ ವಿಹಾರಗಳಿವೆ. ಬಣ್ಣದ ಮರಳಿನಿಂದ ದಿನಗಟ್ಟಲೆ ಮಂಡಲವನ್ನು ರಚಿಸಿ, ಅದು ಪೂರ್ತಿಯಾದೊಡನೆ ತಾವೇ ಗುಡಿಸಿ ನೀರಿಗೆ ಬಿಡುವದು ಟಿಬೆಟನ್ ಭಿಕ್ಷುಗಳ ಸಂಪ್ರದಾಯ. ಅವರು ಮುಗಿಸಿದ ಮೇಲೆ ಅಳಿಸುವರು. ನಮ್ಮದು ಮುಗಿಯುವ ಮೊದಲೇ ಅಳಿಯುತ್ತಿತ್ತು. ಅಷ್ಟು ಸಮಾಧಾನ ನಮಗಿರಲಿಲ್ಲ.

ಎಂಟನೆಯ ಲೋಕದ ನಾಲ್ಕನೆಯ ಮಜಲಿಗೆ ನಾವು ಎರಡೇ ಸಲ ಮುಟ್ಟಿದ್ದೆವು. ಅದೊಂದು ಕೋಟೆ. ಎಷ್ಟು ಓಡಿದರೂ ಅದೇ ಗೋಡೆ, ಅದೇ ಕೊಳವೆ ತಿರುತಿರುಗಿ ಬರುವವು. ಸರಿಯಾದ ಕೊಳವೆಯನ್ನು ಹೊಕ್ಕವನು ಮುಂದೆ ಹೋಗುವನು. ತಪ್ಪಿದವನು ಹಿಂದಿನ ಸ್ಥಳಕ್ಕೇ ಬಂದು ನಿಲ್ಲುವನು. ಗಡಿಯಾರವು ಮಾತ್ರ ನಿಲ್ಲುವದಿಲ್ಲ. ಯಂತ್ರವೇ ಕೆಟ್ಟಿದೆಯೆಂದು ಅಣ್ಣನು ತೀರ್ಮಾನ ಮಾಡಿಬಿಟ್ಟನು. ಮೂರು ಪ್ರಾಣಗಳೂ ತೀರಿ ಆಟ ಮುಗಿದ ಮೇಲೆ, ಆರಂಭದ ಪರದೆಯಲ್ಲಿ ‘ಎ’ ಗುಂಡಿಯನ್ನು ಒತ್ತಿ ಹಿಡಿದು ‘ಸ್ಟಾರ್ಟ್’ ಒತ್ತಿದರೆ, ಸತ್ತ ಲೋಕದ ಮೊದಲ ಮಜಲಿನಿಂದಲೇ ಮುಂದುವರಿಯಬಹುದಾಗಿತ್ತು! ಇಷ್ಟು ಸಣ್ಣ ಸಂಗತಿಯನ್ನು ತಿಳಿಯದೆ ನಾವು ಎರಡು ಮಳೆಗಾಲಗಳನ್ನು ಕಳೆದೆವು. ನಕಲು ಯಂತ್ರದೊಡನೆ ವಿವರಣೆಯ ಪುಸ್ತಕವನ್ನು ಯಾರು ಕೊಡುವರು?

ಇಷ್ಟು ವರ್ಷಗಳ ಮೇಲೆ ಅದನ್ನು ಗಣಕಯಂತ್ರದ ಮೇಲೆ ತೆರೆದಾಗ ನಾನು ಮೊದಲು ಆಡಲೇ ಇಲ್ಲ. ಸುಮ್ಮನೆ ನೋಡುತ್ತ ಕುಳಿತೆನು. ಅದೇ ನೀಲಿ ಆಕಾಶ, ಅದೇ ಇಟ್ಟಿಗೆ, ಮೊದಲನೆಯ ಅಣಬೆಯು ಅದೇ ಸ್ಥಳದಲ್ಲಿ. ನಮ್ಮ ತಂದೆಯವರು ಹುಟ್ಟಿದ್ದು ಸೂಪೆಯಲ್ಲಿ. ೧೦೧ ಮೀಟರು ಎತ್ತರದ ಅಣೆಕಟ್ಟು ಎದ್ದ ಮೇಲೆ ಆ ಊರು ಹಿನ್ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿಗಳೆಲ್ಲ ಜೋಯಿಡಾಕ್ಕೆ ಬಂದವು. ತಮ್ಮ ಮನೆಯು ಎಲ್ಲಿತ್ತೆಂದು ತೋರಿಸಬೇಕಾದರೆ ಅವರು ನೀರಿನ ಕಡೆಗೆ ಕೈಮಾಡುತ್ತಿದ್ದರು. ಅವರ ಮಗನಾದ ನಾನು ನನ್ನ ಹುಡುಗತನದ ಮೊದಲನೆಯ ಮಜಲಿಗೆ ಗುಂಡಿಯೊಂದನ್ನು ಒತ್ತಿ ಹೋಗಬಲ್ಲವನಾದೆನು. ಇವೆರಡನ್ನೂ ಸರಿದೂಗಿಸುವದು ಉಚಿತವೋ ಅಲ್ಲವೋ, ನಾನರಿಯೆ. ಆದರೆ ಆ ರಾತ್ರಿ ಹಾಗೆನಿಸಿತು.

ಆಟವು ಉಳಿದೇ ಇರುವದೆಂದು ನಂಬಿ ಕೂಡ್ರುವಂತೆಯೂ ಇಲ್ಲ. ಅಮೇರಿಕೆಯ ಒಂದು ಸಂಸ್ಥೆಯವರು ೨೦೨೩ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ ಈಗ ಅಂಗಡಿಯಲ್ಲಿ ಕ್ರಯಕ್ಕೆ ದೊರೆಯುವದಿಲ್ಲ. ಉಳಿಸಿಡುವ ಅನುಕೂಲವಿದ್ದ ಕೆಲವು ಕ್ಯಾಸೆಟ್ಟುಗಳ ಒಳಗೆ ಸಣ್ಣದೊಂದು ಬ್ಯಾಟರಿ ಇರುವದು. ಅದು ಸತ್ತರೆ ಉಳಿಸಿದ್ದೆಲ್ಲವೂ ಹೋಯಿತು. ನಮ್ಮ ಯಂತ್ರವೂ ಅಟ್ಟದ ಮೇಲೆ ಇಲಿಗಳ ಪಾಲಾಗಿತ್ತು.

ಈಗ ಗಣಕಯಂತ್ರದಲ್ಲಿ ಹಳೆಯ ಆಟವನ್ನು ಯಾವ ಕ್ಷಣದಲ್ಲಾದರೂ ಇದ್ದಂತೆಯೇ ನಿಲ್ಲಿಸಿಟ್ಟು ನಾಳೆ ಮುಂದುವರಿಸಬಹುದು. ಹಳೆಯ ಆಟಗಾರರಲ್ಲಿ ಕೆಲವರು ಇದನ್ನು ಮೋಸವೆನ್ನುವರು. ನಿಂಟೆಂಡೋದವರೇ ತಾವು ಚಂದಾ ಪಡೆದು ಒದಗಿಸುವ ಹಳೆಯ ಆಟಗಳಿಗೆ ಈ ಸೌಕರ್ಯವನ್ನು ಕೂಡಿಸಿರುವಾಗ, ಬೆಳಿಗ್ಗೆ ಕೆಲಸಕ್ಕೆ ಹೋಗತಕ್ಕ ಮನುಷ್ಯನು ಅದನ್ನು ಬಳಸಿದರೆ ದೋಷವೇನು? ಆದರೆ ಹೆಜ್ಜೆಹೆಜ್ಜೆಗೂ ಉಳಿಸಿಟ್ಟು ಆಡಿದವನಿಗೆ ಗೆದ್ದ ಸವಿಯು ತುಸು ಸಪ್ಪೆಯಾಗುವದೆಂಬುದನ್ನೂ ಒಪ್ಪಬೇಕು. ನಾನು ಲೋಕಕ್ಕೊಂದು ಸಲ ಮಾತ್ರ ಉಳಿಸುವ ನೇಮ ಮಾಡಿಕೊಂಡು, ಕೋಟೆಯ ದಾರಿಯನ್ನು ಕಾಗದದ ಮೇಲೆ ಬರೆದುಕೊಂಡು, ಹನ್ನೊಂದನೆಯ ರಾತ್ರಿಗೆ ಮಾರಿಯೋನ ಕೊನೆಯನ್ನು ಕಂಡೆನು. ಹುಡುಗನಾಗಿದ್ದಾಗ ಕೈ ಚುರುಕಾಗಿತ್ತು. ಬರೆದುಕೊಳ್ಳುವ ಬುದ್ಧಿ ಇರಲಿಲ್ಲ.

ನನ್ನನ್ನು ನಿಜವಾಗಿ ಕಾಡುತ್ತಿದ್ದದ್ದು ಇನ್ನೊಂದು ಆಟ. ಗಣಕಯಂತ್ರದ ತರಗತಿಗೆ ಹೋಗುವಾಗ ಅಣ್ಣನು ಫ್ಲಾಪಿಯಲ್ಲಿ ತಂದ ‘ಪ್ರಿನ್ಸ್ ಆಫ್ ಪರ್ಶಿಯಾ’. ಜೋರ್ಡನ್ ಮೆಕ್ನರ್ ಎಂಬ ಅಮೇರಿಕದ ತರುಣನು ಬಹುಮಟ್ಟಿಗೆ ಒಬ್ಬನೇ ರಚಿಸಿ ೧೯೮೯ರಲ್ಲಿ ಹೊರತಂದದ್ದು. ತನ್ನ ತಮ್ಮನು ಓಡುವದನ್ನೂ ಜಿಗಿಯುವದನ್ನೂ ಚಲಚ್ಚಿತ್ರವಾಗಿ ಹಿಡಿದು, ಅದರ ಒಂದೊಂದು ಚಿತ್ರವನ್ನೂ ನೋಡಿ ರಾಜಕುಮಾರನ ಚಲನೆಯನ್ನು ಬಿಡಿಸಿದನು. ಸಂಗೀತವನ್ನು ಅವನ ತಂದೆಯು ಕೂಡಿಸಿದನು. ಮುಂದೆ ಆಟದ ಮೂಲ ಬರಹವೇ ಕಳೆದುಹೋಗಿ, ೨೦೧೨ರಲ್ಲಿ ಅದೇ ತಂದೆಯು ಹಳೆಯ ಪೆಟ್ಟಿಗೆಯೊಂದರಲ್ಲಿ ಆ ಡಿಸ್ಕುಗಳನ್ನು ಕಂಡು ಮಗನಿಗೆ ಕಳುಹಿಸಿದನು. ತಂದೆ ಮಕ್ಕಳೆಲ್ಲ ಕೈಗೂಡಿಸಿದ ಆಟವನ್ನು ನಾವು ಅಣ್ಣತಮ್ಮಂದಿರು ಒಂದೇ ಕೀಲಿಮಣೆಗಾಗಿ ಜಗಳಾಡುತ್ತ ಆಡಿದೆವು.

ಅದರ ಕಟ್ಟಳೆ ಕಠಿಣ. ದುಷ್ಟ ಮಂತ್ರಿಯ ಸೆರೆಯಲ್ಲಿರುವ ರಾಜಕುಮಾರಿಯನ್ನು ೬೦ ನಿಮಿಷಗಳೊಳಗೆ ಬಿಡಿಸತಕ್ಕದ್ದು. ಎಷ್ಟು ಸಲ ಸತ್ತರೂ ಮಜಲಿನ ಆರಂಭದಿಂದ ಏಳಬಹುದು. ಕಳೆದ ನಿಮಿಷಗಳು ಮಾತ್ರ ಬಾರವು. ನಾಲ್ಕನೆಯ ಮಜಲಿನಲ್ಲಿ ದಾರಿಗೆ ಅಡ್ಡವಾಗಿ ಕನ್ನಡಿಯೊಂದು ನಿಲ್ಲುವದು. ಅದನ್ನು ಭೇದಿಸಿ ಜಿಗಿದರೆ ರಾಜಕುಮಾರನ ನೆರಳು ಅವನಿಂದ ಬೇರ್ಪಟ್ಟು ಆಚೆ ಓಡಿಹೋಗುವದು. ಮುಂದೆ ಆ ನೆರಳು ಅವನು ಕುಡಿಯಬೇಕಾದ ಮದ್ದನ್ನು ಕುಡಿಯುವದು, ಬಾಗಿಲು ಮುಚ್ಚಿ ಅವನನ್ನು ಕೆಳಗೆ ಬೀಳಿಸುವದು. ಹನ್ನೆರಡನೆಯ ಮಜಲಿನಲ್ಲಿ ಕತ್ತಿ ಹಿರಿದು ಎದುರಿಗೆ ನಿಲ್ಲುವದು.

ಇಲ್ಲಿಯೇ ನಾವು ಸೋತದ್ದು. ಅಣ್ಣನು ಹೊಡೆಯುವನು, ನಾನು ಹೊಡೆಯುವೆನು. ಪ್ರತಿ ಏಟಿಗೂ ನಮ್ಮದೇ ಪ್ರಾಣವೊಂದು ಇಳಿಯುವದು. ನೆರಳು ಸತ್ತ ಕ್ಷಣಕ್ಕೆ ರಾಜಕುಮಾರನೂ ಸಾಯುವನು. “ನಿನ್ನ ಕೈಯಿ ನಿಧಾನ,” ಎಂದು ಅವನು; “ನೀ ಅವಸರ ಮಾಡ್ತೀ,” ಎಂದು ನಾನು. ಮುಂದೆ ಅವನು ಕಾಲೇಜಿಗೆಂದು ಧಾರವಾಡಕ್ಕೆ ಹೋದನು, ಅಲ್ಲಿಂದ ಪುಣೆಗೆ. ತಂದೆಯವರು ತೀರಿಕೊಂಡು ಹಳಿಯಾಳದ ಮನೆಯ ಪಾಲಿನ ಮಾತು ಬಂದಂದಿನಿಂದ ನಮ್ಮಿಬ್ಬರಲ್ಲಿ ಮಾತು ಹಬ್ಬಕ್ಕೊಮ್ಮೆ ಎಂಬಷ್ಟಾಗಿತ್ತು.

ಈ ಸಲವೂ ಮೊದಲು ಹೊಡೆದು ಸತ್ತೆನು. ಮೂರನೆಯ ಸಲ ದಣಿದು, ಏನಾಗುವದೋ ನೋಡೋಣವೆಂದು, ಕತ್ತಿಯನ್ನು ಒರೆಯಲ್ಲಿಡುವ ಗುಂಡಿಯನ್ನು ಒತ್ತಿದೆನು. ನೆರಳೂ ತನ್ನ ಕತ್ತಿಯನ್ನು ಒಳಗಿಟ್ಟಿತು. ಇಬ್ಬರೂ ಎದುರೆದುರಾಗಿ ನಡೆದರು, ಕೂಡಿದರು, ಒಬ್ಬನಾದರು. ಮುಂದೆ ದಾರಿಯೇ ಇಲ್ಲದ ಕಂದಕ; ಓಡಿದರೆ ಕಾಲಿನ ಕೆಳಗೆ ಸೇತುವೆಯು ಮೂಡುತ್ತ ಹೋಗುವದು. ಆ ಬಳಿಕ ಮಂತ್ರಿಯೊಡನೆ ಕಾದಾಟ. ಅದು ಅಷ್ಟೇನೂ ಕಷ್ಟವಾಗಲಿಲ್ಲ.

ಗಂಟೆ ರಾತ್ರಿಯ ಹನ್ನೊಂದೂವರೆ. ಪುಣೆಗೆ ಫೋನು ಮಾಡಿದೆನು. ಇಷ್ಟು ಹೊತ್ತಿನಲ್ಲಿ ತಮ್ಮನ ಫೋನೆಂದರೆ ಅವ್ವನಿಗೇನೋ ಆಗಿದೆಯೆಂದು ಅವನು ಗಾಬರಿಯಾದನು.

“ಅವ್ವ ಆರಾಮ ಇದ್ದಾಳ. ಅಣ್ಣಾ, ಆ ನೆರಳಿನ ಮುಂದ ಕತ್ತಿ ಒಳಗ ಇಡಬೇಕಿತ್ತು.”

ಬಹಳ ಹೊತ್ತು ಅವನು ಮಾತಾಡಲಿಲ್ಲ. ಬಳಿಕ ಕೇಳಿದನು:

“ಎಷ್ಟು ನಿಮಿಷ ಉಳದಿದ್ವು?”

“ನಾಲ್ಕು.”