ಪಾಸ್‌ವರ್ಡ್ ಇಲ್ಲ ಅಂದ್ರೆ ಪರ್ಮಿಶನ್ ಇದೆ ಅಂತಲ್ಲ

ಮಣಿಪಾಲದ ನಮ್ಮ ರೂಮಲ್ಲಿ ಫೋನ್ ತೆಗೆದರೆ ಪಕ್ಕದವರ ವೈಫೈ, ಬ್ಲೂಟೂತ್ ಎಲ್ಲಾ ಕಾಣುತ್ತೆ. ಪಾಸ್‌ವರ್ಡ್ ಇಲ್ಲದಿದ್ರೆ ಕನೆಕ್ಟ್ ಮಾಡ್ಲಿಕ್ಕೆ ಏನು ಮಾರಾಯಾ ಅಂತ ನಾವೂ ಅಂದ್ಕೊಂಡಿದ್ವಿ. ಆದರೆ ಕಾಪು ಲೈಟ್‌ಹೌಸಿನ ಬೆಳಕು ಎಲ್ಲರಿಗೂ ಕಾಣುತ್ತೆ. ಹಾಗಂತ ಕೇಳದೆ ಮೇಲೆ ಹತ್ಲಿಕ್ಕಾಗಲ್ಲ. ಸಿಗ್ನಲ್ಲೂ ಹಾಗೇ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ, ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಒಳಗೆ ಹೋದರೆ ನಷ್ಟಪರಿಹಾರ ಕೊಡಬೇಕಾಗಬಹುದು. ಅಲ್ಲಿ ಮುಖ್ಯ ಅನುಮತಿ, ಪಾಸ್‌ವರ್ಡ್ ಅಲ್ಲ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸಕ್ಕಾಗಿ ಮಾಡಿದರೆ 66ನೇ ಸೆಕ್ಷನ್: 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹ್ಯಾಕಿಂಗ್ ಕಲಿಯೋ ಆಸೆ ಇದ್ರೆ ನಮ್ಮದೇ ಹಳೇ ರೂಟರ್ ಸಾಕು. ಪಕ್ಕದವರ ವೈಫೈ ಬೇಕಿದ್ರೆ ಬಾಗಿಲು ತಟ್ಟಿ ಕೇಳೋಣ.