ನಾಲ್ಕು ಚಕ್ರ ಚಾಲನೆಯ ಕಾರಿಗೆ ಹೊಸ ಚಕ್ರ

ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿಯನ್ನು ನೋಡಿರುತ್ತೀರಿ. ಅಷ್ಟು ದೂರಕ್ಕೆ ಕಾರಿನ ಚಕ್ರ ಎಷ್ಟು ಸುತ್ತು ಉರುಳುತ್ತದೆ?

ಟೈರಿನ ಪಕ್ಕೆಯಲ್ಲಿ 215/60 ಆರ್ 17 ಎಂದಿದೆ ಎನ್ನಿ. ಅಗಲ 215 ಮಿ.ಮೀ.; ಪಕ್ಕೆಯ ಎತ್ತರ ಅದರ ಶೇಕಡಾ 60, ಅಂದರೆ 129 ಮಿ.ಮೀ.; ರಿಮ್ಮಿನ ವ್ಯಾಸ 17 ಅಂಗುಲ. ಒಟ್ಟು ವ್ಯಾಸ 431.8 + 2 × 129 = 689.8 ಮಿ.ಮೀ. ಕಿಲೋಮೀಟರಿಗೆ ಸುಮಾರು 461 ಸುತ್ತು. ಅಂದಕ್ಕೆಂದು 18 ಅಂಗುಲದ ಅಲಾಯ್ ಚಕ್ರ ಹಾಕಿಸುವುದಾದರೆ 215/55 ಟೈರು ಬೇಕು. ಆಗ ವ್ಯಾಸ 693.7 ಮಿ.ಮೀ., ಹೆಚ್ಚುಕಡಿಮೆ ಮೊದಲಿನಷ್ಟೇ.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರಿನಲ್ಲಿ ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಹಣ ಉಳಿಸಲು ಹಿಂದಿನ ಎರಡಕ್ಕೆ ಮಾತ್ರ ಹೊಸ ಟೈರು ಹಾಕಿಸಿದಿರಿ. ಮುಂದಿನವು 5 ಮಿ.ಮೀ. ಸವೆದಿವೆ. ವ್ಯಾಸದಲ್ಲಿ 10 ಮಿ.ಮೀ. ವ್ಯತ್ಯಾಸ. ಸವೆದ ಚಕ್ರ ಕಿಲೋಮೀಟರಿಗೆ ಸುಮಾರು 7 ಸುತ್ತು ಹೆಚ್ಚು ಉರುಳಬೇಕು. ಬೈಂದೂರು ಮುಟ್ಟುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು. ಮುಂದಿನ ಮತ್ತು ಹಿಂದಿನ ಅಚ್ಚುಗಳನ್ನು ಬೆಸೆಯುವ ಕ್ಲಚ್ ಕಚ್ಚಿಕೊಂಡಿರುವಷ್ಟು ಹೊತ್ತೂ ಅದರ ಫಲಕಗಳು ಜಾರುತ್ತಲೇ ಇರುತ್ತವೆ, ಘರ್ಷಣೆಯಿಂದ ಕಾಯುತ್ತವೆ, ಸವೆಯುತ್ತವೆ. ತಿರುವಿನಲ್ಲಿಯೂ ಇಂಥ ವ್ಯತ್ಯಾಸ ಬರುತ್ತದೆ, ಆದರೆ ಅದು ಕ್ಷಣಿಕ. ಇಲ್ಲಿ ನೇರ ರಸ್ತೆಯಲ್ಲೂ ಬಿಡುವಿಲ್ಲ. ನಾಲ್ಕನ್ನೂ ಒಟ್ಟಿಗೇ ಬದಲಿಸಿ. (ದುಬಾರಿ, ನಿಜ.)

ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಇದು ಕಡಿಮೆಯಾದರೆ ಚಕ್ರ ಹೊರಚಾಚುತ್ತದೆ. ಸನ್ನೆಯ ತೋಳು ಉದ್ದವಾದಂತೆ ಬೇರಿಂಗಿಗೆ ಹೊರೆ ಹೆಚ್ಚುತ್ತದೆ. ಬ್ರಹ್ಮಾವರದಲ್ಲೇ ಕೊಳ್ಳಿ, ಕುಂದಾಪುರದಲ್ಲೇ ಕೊಳ್ಳಿ, ಆಫ್‌ಸೆಟ್ಟಿನ ಜೊತೆಗೆ ಬೋಲ್ಟುಗಳ ವೃತ್ತದ ವ್ಯಾಸ, ನಡುರಂಧ್ರ, ಹೊರಬಲ್ಲ ಭಾರ ಇವೂ ಹಳೆಯ ಚಕ್ರಕ್ಕೆ ಸರಿಹೊಂದುತ್ತವೆಯೇ ಎಂದು ಎದುರಿಗೇ ಅಳೆಸಿ ನೋಡಿ.